ಸಹಾಯ ಬೇಕು: ಶೆಡ್‌ನಲ್ಲಿರುವ ಕುಟುಂಬಗಳಿಗೆ ಕಂಬಳಿ, ಮಕ್ಕಳ ಸ್ವೆಟರ್

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಹೊರವಲಯದ ಒಂದು ಕಥೋಲಿಕ ಧರ್ಮಕೇಂದ್ರದ ಯುವ ಬಳಗದವನು. ಕ್ರಿಸ್‌ಮಸ್‌ಗೆ ಮುಂಚಿನ 4 ಭಾನುವಾರಗಳ ಆಗಮನ ಕಾಲ ನಮಗೆ ಪ್ರಾರ್ಥನೆಯ ಜೊತೆಗೆ ದಾನದ ಕಾಲವೂ ಹೌದು. ಭಾನುವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಗಳಲ್ಲಿ ಎರಡು ನೇರಳೆ ಬತ್ತಿಗಳು ಚರ್ಚಿನ ಪೀಠದ ಬಳಿ ಉರಿಯುತ್ತಿವೆ. ಮೂರನೆಯ ಭಾನುವಾರದ ಗುಲಾಬಿ ಬಣ್ಣದ ಬತ್ತಿ ಹಚ್ಚುವುದರೊಳಗೆ ಈ ಕೆಲಸ ಆಗಬೇಕೆಂಬುದು ನಮ್ಮ ಆಸೆ.

ಚರ್ಚಿನ ಹಿಂದಿನ ರಸ್ತೆಯಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕಟ್ಟಡ ಕಾರ್ಮಿಕರ ತಗಡಿನ ಶೆಡ್‌ಗಳಿವೆ. ಬೆಳಗಿನ ಜಾವ ತಗಡಿನ ಒಳಮೈಗೆ ಕಟ್ಟಿದ ನೀರು ಮಲಗಿದವರ ಮೇಲೆ ತೊಟ್ಟಿಕ್ಕುತ್ತದೆ. ಬಿಚ್ಚಿ ಹಾಸಿದ ಸಿಮೆಂಟ್ ಚೀಲದ ಮೇಲೆ ಮೂರು ಮಕ್ಕಳು ಒಂದೇ ಹಳೆಯ ಸೀರೆ ಹೊದ್ದು ಮಲಗಿದ್ದನ್ನು ನೋಡಿದ್ದೇನೆ. ಅವರು ಯಾವ ಧರ್ಮದವರೆಂದು ನಾವು ಕೇಳಿಲ್ಲ, ಕೇಳುವುದೂ ಇಲ್ಲ.

ಕ್ಯಾರಲ್ ಹಾಡುತ್ತಾ ಮನೆಮನೆಗೆ ಹೋದಾಗ ಬಂದ ಕಾಣಿಕೆಯನ್ನು ಈ ಬಾರಿ ಗೋದಲಿಯ (ಯೇಸುವಿನ ಜನನದ ದೃಶ್ಯದ ಮಾದರಿ) ದೀಪಾಲಂಕಾರಕ್ಕೆ ಬಳಸದೆ ಕಂಬಳಿಗೆಂದೇ ಎತ್ತಿಟ್ಟಿದ್ದೇವೆ. ಕೆಲವು ಹಿರಿಯರಿಗೆ ಬೇಸರವಾಗಿದೆ. ಆದರೂ ಇದೇ ಸರಿಯೆಂದು ನನ್ನ ದೃಢ ನಂಬಿಕೆ. ಆ ಹಣ ಮಾತ್ರ ಅರ್ಧ ಶೆಡ್‌ಗಳಿಗೂ ಸಾಲದು.

ಬೇಕಾಗಿರುವುದು ದಪ್ಪ ಕಂಬಳಿ, ನೆಲಕ್ಕೆ ಹಾಸಲು ಟಾರ್ಪಾಲ್, 10 ವರ್ಷದೊಳಗಿನ ಮಕ್ಕಳ ಸ್ವೆಟರ್. ಬಳಸಿದ್ದಾದರೂ ಸರಿ, ಒಗೆದು ಕೊಡಿ. ಹರಿದದ್ದು ದಯವಿಟ್ಟು ಬೇಡ. ಶನಿವಾರ ಸಂಜೆ ಸಾಗಿಸಲು ಯಾರಾದರೂ ಟೆಂಪೊ ಒದಗಿಸಿದರೆ ದೊಡ್ಡ ಉಪಕಾರ. ಕೊಡುವವರು ನಿಮ್ಮ ಬಡಾವಣೆಯ ಹೆಸರನ್ನು ಇಲ್ಲೇ ಬರೆಯಿರಿ, ನಮ್ಮ ಹುಡುಗರು ಮನೆಗೇ ಬಂದು ತೆಗೆದುಕೊಂಡು ಹೋಗುತ್ತಾರೆ.