ಸಹಾಯ ಬೇಕು: ತೂಕ ಇಳಿಯುತ್ತಿದೆ, ಹಸಿವು ಇಳಿಯುತ್ತಿಲ್ಲ

ನಾನು ಶಿರಸಿಯವಳು, ವಯಸ್ಸು 41, ದಿನವಿಡೀ ಕುಳಿತು ಲೆಕ್ಕ ಬರೆಯುವ ಕೆಲಸ. ಪಥ್ಯ ಹಿಡಿದು ಮೂರು ತಿಂಗಳಲ್ಲಿ 78 ಕಿಲೋದಿಂದ 73ಕ್ಕೆ ಇಳಿದಿದ್ದೇನೆ. ಥೈರಾಯ್ಡ್, ಸಕ್ಕರೆ ಎರಡೂ ಸರಿಯಾಗಿವೆ.

ಬೆಳಿಗ್ಗೆ ಎರಡು ತೆಳ್ಳೇವು (ತೆಳು ದೋಸೆ), ಮಧ್ಯಾಹ್ನ ಒಂದು ಸೌಟು ಅನ್ನ, ಒಂದೆಲಗದ ತಂಬುಳಿ, ಪಲ್ಯ, ರಾತ್ರಿ ಗಂಜಿ. ಸಂಜೆ ನಾಲ್ಕರವರೆಗೆ ಹೇಗೋ ನಡೆಯುತ್ತದೆ. ಆಮೇಲೆ ಅಟ್ಟದ ಮೇಲಿನ ಹಲಸಿನ ಹಪ್ಪಳದ ಡಬ್ಬಿ ಹೆಸರು ಹಿಡಿದು ಕರೆಯುತ್ತದೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಎದ್ದು ಆರು ಹಪ್ಪಳ ತಿಂದೆ. ಕರಿದದ್ದಲ್ಲ, ಕೆಂಡದಲ್ಲಿ ಸುಟ್ಟದ್ದು ಎಂಬ ಸಮಾಧಾನ ಬೇರೆ! ಅತ್ತೆಯವರದು ಒಂದೇ ಮಾತು: ‘ಹಸಿದು ಹಲಸು, ಉಂಡು ಮಾವು.’ ಹಲಸಿನ ಕಾಲದಲ್ಲಿ ಪಥ್ಯ ಹಿಡಿದವಳಿಗೆ ಇದಕ್ಕಿಂತ ಕೆಟ್ಟ ಗಾದೆ ಇನ್ನೊಂದಿಲ್ಲ.

ತೂಕ ಇಳಿದಾಗ ಹಸಿವು ತಗ್ಗಿಸುವ ಹಾರ್ಮೋನು ಲೆಪ್ಟಿನ್ ಕಡಿಮೆಯಾಗಿ, ಹಸಿವು ಹುಟ್ಟಿಸುವ ಹಾರ್ಮೋನು ಗ್ರೆಲಿನ್ ಹೆಚ್ಚುತ್ತದೆ, ಹಸಿವಾಗುವುದು ಸಹಜ, ನಿದ್ದೆಗೆಟ್ಟರೆ ಇನ್ನೂ ಹೆಚ್ಚು ಎಂದು ವೈದ್ಯರು ವಿವರಿಸಿದರು. ಪ್ರೋಟೀನ್, ನಾರು ಹೆಚ್ಚಿಸಲು ಹೇಳಿದರು. ನಿಜ, ನನ್ನ ತಟ್ಟೆಯಲ್ಲಿ ಪ್ರೋಟೀನ್ ಎಲ್ಲಿದೆ? ಕುಮಟಾದ ಗೆಳತಿ ಬಂಗುಡೆ ಮೀನು ತಿನ್ನು ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವಂತಿಲ್ಲ.

ಮೊಳಕೆ ಹೆಸರುಕಾಳು ನಾಲ್ಕು ದಿನ ತಿಂದೆ, ಹೊಟ್ಟೆ ಉಬ್ಬರಿಸಿತು. ಬೇಯಿಸಿದರೆ ಸರಿಹೋಗುತ್ತದೆಯೇ? ರಾತ್ರಿಯ ಗಂಜಿಗೆ ಬದಲಾಗಿ ಹುರುಳಿ ಸಾರು, ತೊವ್ವೆ ನಡೆದೀತೇ? ಕಚೇರಿಗೆ ಒಯ್ಯಬಹುದಾದ ಸಂಜೆಯ ತಿಂಡಿ ಯಾವುದು? ಅನುಭವ ಇದ್ದವರು ತಿಳಿಸಿ. ಪುಡಿ, ಕಷಾಯ ಮಾರುವವರು ದಯವಿಟ್ಟು ಬೇಡ.