ಭೀಮಾ ಹೊಳಿ ಏರಿದ್ರ ಓಣಿಯವರು ಏನೇನು ತಯಾರಿ ಇಟ್ಕೋಬೇಕು? ಅನುಭವ ಇದ್ದವರು ಹೇಳ್ರಿ

ಹೊಳಿದಂಡಿ: ನಮ್ಮದು ಅಫಜಲಪುರ ತಾಲೂಕು. 2020ರ ಅಕ್ಟೋಬರ್ ನೆರಿ ಯಾರೂ ಮರ್ತಿಲ್ಲ. ಈಗ ಮನಿಗೆ 200 ರೂಪಾಯಿ ಪಟ್ಟಿ ಎತ್ತೇವಿ. ಮೊದಲ ಏನು ತರೋಣ?

ಜೇವರ್ಗಿಯವ: ಹಗ್ಗ. ನೈಲಾನ್ ಬ್ಯಾಡ, ನೀರಾಗ ಮುಳಗ್ತದ. ತೇಲೋ ಪಾಲಿಪ್ರೊಪಿಲೀನ್, 12 ಎಂಎಂ, 30 ಮೀಟರ್ ತುಂಡು. ಅಂಗಡ್ಯಾಗ ಎರಡಕ್ಕೂ ಪ್ಲಾಸ್ಟಿಕ್ ಹಗ್ಗ ಅಂತಾರ, ಚೂರು ಕೊಯ್ದು ಬಕೆಟ್ ನೀರಾಗ ಹಾಕಿ ನೋಡೇ ತಗೋರಿ. ಹಿಡಕೊಂಡು ತೇಲಾಕ ಟ್ರ್ಯಾಕ್ಟರ್ ಟ್ಯೂಬ್ ಇರಲಿ, ಹೊಸಾದು ಬೇಕಿಲ್ಲ, ಪಂಕ್ಚರ್ ತಿದ್ದಿದ್ದು ಸಾಕು. ವಾಲ್ವಿಗೆ ಬಟ್ಟಿ ಸುತ್ರಿ, ಇಲ್ಲಾಂದ್ರ ಎದಿಗೆ ಚುಚ್ಚತದ. ನೀರಿಗಿಳಿಯವನ ಸೊಂಟಕ್ಕ ಬಿಗಿ ಗಂಟು ಹಾಕಲೇಬ್ಯಾಡ್ರಿ. ಹಗ್ಗ ಜಾಲಿ ಕಂಟಿಗೆ ಸಿಕ್ಕಿತಂದ್ರ ಸೆಳವು ಅವನ್ನ ಒಳಗ ಒತ್ತತದ.

ಯಾದಗಿರಿ ಆಶಾ: ಗಂಡಸರು ಇದ್ದ ರೊಕ್ಕ ಎಲ್ಲಾ ಹಗ್ಗಕ್ಕೇ ಹಾಕ್ತೀರಿ. ನೀರು ಇಳದ ಮ್ಯಾಲ ವಾಂತಿ-ಭೇದಿ ಸುರು ಆಗ್ತದಲ್ಲ, ಅದಕ್ಕ? ಬ್ಲೀಚಿಂಗ್ ಪೌಡರ್ ತರ್ರಿ. 1000 ಲೀಟರಿಗೆ 2.5 ಗ್ರಾಂ, ನೆರಿ ನೀರು ಹೊಕ್ಕ ಬಾವಿಗೆ ಅದರ ಎರಡು ಪಟ್ಟು. 3 ಮೀಟರ್ ಅಗಲದ ದುಂಡ ಬಾವ್ಯಾಗ 4 ಮೀಟರ್ ನೀರಿದ್ರ ಸುಮಾರು 28,000 ಲೀಟರ್, ಅಂದ್ರ 140 ಗ್ರಾಂ. ಬಕೆಟಿನಾಗ ಕಲಸಿ ಹತ್ತು ನಿಮಿಷ ಬಿಡ್ರಿ, ತಿಳಿ ಅಷ್ಟೇ ಬಾವಿಗೆ ಹಾಕ್ರಿ, ಗಸಿ ಬ್ಯಾಡ. ಒಂದು ತಾಸು ಯಾರೂ ಸೇದಬಾರದು. ಬಾಯಿ ಬಿಚ್ಚಿಟ್ಟ ಹಳೇ ಚೀಲದ ಪುಡಿಗೆ ಕಸುವಿರಂಗಿಲ್ಲ.

ಜೇವರ್ಗಿಯವ: ಅಕ್ಕಾರ, ಮೊದಲ ಜೀವ ಉಳೀಬೇಕು, ಬಾವಿ ಆಮ್ಯಾಲ.

ಯಾದಗಿರಿ ಆಶಾ: ಭೇದಿಯಿಂದ ಜೀವ ಹೋಗಂಗಿಲ್ಲೇನ್ರಿ? ಓಆರ್‌ಎಸ್ ಸಿಗದಿದ್ರ ಲೀಟರ್ ಕುದಿಸಿ ಆರಿಸಿದ ನೀರಿಗೆ ಸಣ್ಣ ಚಮಚದಾಗ 6 ಸಕ್ರಿ, ಅರ್ಧ ಉಪ್ಪು. ಮಟ್ಟಸ ಇರಬೇಕು, ಉಪ್ಪು ಹೆಚ್ಚಾದ್ರ ಕೂಸಿಗೆ ಅಪಾಯ.

ಗಾಣಗಾಪುರ ಕಬ್ಬು: ಇಬ್ರೂ ಹೊಳಿದಂಡ್ಯಾಗಿನ ಪಂಪ್ ಮೋಟಾರಿನ ಮಾತೇ ಎತ್ತಲಿಲ್ಲ! ಭೀಮಾಕ್ಕ ಕಟ್ಟಿದ ಸೊನ್ನ ಬ್ಯಾರೇಜಿನ ಗೇಟ್ ತೆಗೆದ ಮ್ಯಾಲ ಮಂದಿ ಹೊಳಿಗೆ ಓಡ್ತಾರ, ಅಲ್ಲೇ ಸಿಗಬೀಳ್ತಾರ. ಮ್ಯಾಲ ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಬಂದಾಗೇ ಮೋಟಾರ್ ಎತ್ತಬೇಕು. ಓಣಿಗೊಂದು ಚೈನ್ ಕಪ್ಪಿ, ಮೂರು ಕಾಲಿನ ಸ್ಟ್ಯಾಂಡ್ ಸಾಕು. ಅದಕ್ಕೂ ಮೊದಲ ಕರೆಂಟಿನವರ 1912 ನಂಬರಿಗೆ ಫೋನ್ ಹಚ್ಚಿ ಲೈನ್ ಬಂದ್ ಮಾಡಸ್ರಿ, ಟಿಸಿ (ಟ್ರಾನ್ಸ್‌ಫಾರ್ಮರ್) ಫ್ಯೂಸ್ ನೀವೇ ಕೀಳಬ್ಯಾಡ್ರಿ.

ಜೇವರ್ಗಿಯವ: ಮೋಟಾರ್ ಹೋದ್ರ ಹೋಗ್ಲಿ ಬಿಡ್ರಿ.

ಗಾಣಗಾಪುರ ಕಬ್ಬು: ಕಬ್ಬಿಗೆ ನೀರು ನೀವು ಹೊತ್ತು ಹಾಕ್ತೀರೇನು? ಸಾಲ ನೀವು ತೀರಸ್ತೀರೇನು?

ಹೊಳಿದಂಡಿ: ಜಗಳ ಬ್ಯಾಡ್ರಿ. ದನಗಳದ್ದು ಯಾರೂ ಹೇಳಲಿಲ್ಲ.

ಯಾದಗಿರಿ ಆಶಾ: ಒಯ್ಯಾಕ ಆಗದಿದ್ರ ಕಣ್ಣಿ ಬಿಚ್ಚಿ ಬಿಡ್ರಿ. ಕಟ್ಟಿದ ದನ ನಿಂತಲ್ಲೇ ಮುಳಗ್ತದ. ಬಿಚ್ಚಾಕ ಹೊತ್ತಾದ್ರ ಕೊಯ್ಯಾಕ ಕೊಟ್ಟಿಗ್ಯಾಗ ಒಂದು ಕುಡಗೋಲು ಮ್ಯಾಲ ಸಿಗಿಸಿಡ್ರಿ.