ಫೀಡ್ ಪೈಪ್, ವೆಂಟ್ ಪೈಪ್: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮನೆಯ ಸೆಂಟ್ರಲ್ ಹೀಟಿಂಗ್, ಅಂದರೆ ಬಾಯ್ಲರಿನಲ್ಲಿ ಕಾಯಿಸಿದ ನೀರನ್ನು ಪಂಪಿನಿಂದ ಕೋಣೆಗಳ ರೇಡಿಯೇಟರುಗಳಿಗೆ ಹರಿಸಿ ಮನೆಯನ್ನು ಬೆಚ್ಚಗಿಡುವ ಏರ್ಪಾಡಿನ ಬಗ್ಗೆ ಕನ್ನಡದಲ್ಲಿ ಒಂದು ವಿವರಣೆ ಬರೆಯುತ್ತಿದ್ದೇನೆ. ಬಾಯ್ಲರ್, ರೇಡಿಯೇಟರ್, ಪಂಪ್ ಇವೆಲ್ಲ ಹಾಗೇ ಇರಲಿ, ಹೊಸ ಪದ ಬೇಕಿಲ್ಲ. ತೊಡಕಾಗಿರುವುದು ಫೀಡ್ ಮತ್ತು ವೆಂಟ್ ಪೈಪುಗಳದ್ದು. ನಿಘಂಟು ನೋಡಿ ಪದ ಹಾಕಿದರೆ ಓದುವವರಿಗೆ ತಪ್ಪು ತಿಳಿವಳಿಕೆ ಬರುತ್ತದೆ.

ಬ್ರಿಟನ್ನಿನ ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ಒಂದು ಸಣ್ಣ ತೊಟ್ಟಿ ಇರುತ್ತದೆ. ಅದರ ತಳದ ಹತ್ತಿರದಿಂದ ಒಂದು ಪೈಪು, ಸಾಮಾನ್ಯವಾಗಿ 15 ಮಿ.ಮೀ.ನದು, ಇಳಿದು ಬಾಯ್ಲರಿಗೆ ಹೊಂದಿದ ಪೈಪಿಗೆ ಸೇರುತ್ತದೆ. ಅದು ಫೀಡ್. ಅಲ್ಲಿಂದಲೇ ಇನ್ನೊಂದು, 22 ಮಿ.ಮೀ.ನದು, ಮೇಲಕ್ಕೆ ಹೋಗಿ ತೊಟ್ಟಿಯ ಮೇಲೆ ಬಾಗಿ ಬಾಯಿ ತೆರೆದು ನಿಲ್ಲುತ್ತದೆ. ಅದು ವೆಂಟ್.

ವೆಂಟ್ ಅಂದ ಕೂಡಲೇ 'ಗಾಳಿಕೊಳವೆ' ಅಂದುಬಿಡುತ್ತೇವೆ, ಅಲ್ವಾ? ಗಾಳಿ ಹೋಗುವುದೇನೋ ನಿಜ. ಆದರೆ ಥರ್ಮೋಸ್ಟಾಟ್ ಕೆಟ್ಟು ಬಾಯ್ಲರ್ ಒಳಗೆ ನೀರು ಕುದಿಯತೊಡಗಿದರೆ ಹಬೆಯೂ ಬಿಸಿನೀರೂ ಹೊರಬರಲು ಇರುವ ದಾರಿ ಅದೇ, ಹಾಗಾಗಿ ಆ ಪೈಪಿಗೆ ಎಲ್ಲೂ ವಾಲ್ವ್ ಹಾಕುವಂತಿಲ್ಲ. ಇತ್ತ ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪುಟ್ಟ ಸಾಧನವೊಂದಿದೆ, ಅದರ ಹೆಸರೂ ಏರ್ ವೆಂಟ್. ಎರಡಕ್ಕೂ 'ಗಾಳಿ' ಅಂಟಿಸಿದರೆ, ಹೋಗಬೇಕಾದ್ದು ಗಾಳಿ ತಾನೇ ಅಂದುಕೊಂಡು ಯಾರಾದರೂ ವೆಂಟ್ ಪೈಪಿನ ತುದಿಗೆ ಆ ಸಾಧನ ಕೂರಿಸಿಬಿಡಬಹುದು. ಅದು ನಿಜಕ್ಕೂ ಅಪಾಯ. ನನಗೆ 'ತೆರೆಬಾಯಿ ಕೊಳವೆ' ಹಿಡಿಸಿದೆ. ಬಾಯಿ ಮುಚ್ಚಬಾರದು ಅನ್ನುವುದು ಹೆಸರಲ್ಲೇ ಬರುತ್ತದೆ.

ಫೀಡ್‌ಗೆ 'ಪೂರೈಕೆ ಕೊಳವೆ', 'ನೀರೂಡುವ ಕೊಳವೆ' ಎರಡೂ ಅರ್ಧ ನಿಜ. ಒಮ್ಮೆ ತುಂಬಿದ ಮೇಲೆ ಅದು ಪೂರೈಸುವುದು ಆವಿಯಾಗಿಯೋ ಸೋರಿಯೋ ಹೋದಷ್ಟನ್ನು ಮಾತ್ರ. ನೀರು ಬಿಸಿಯಾದಾಗ ಹಿಗ್ಗುತ್ತದೆ, 4 ಡಿಗ್ರಿ ಸೆಲ್ಸಿಯಸ್‌ನಿಂದ 100ಕ್ಕೆ ಹೋದರೆ ಸುಮಾರು ನೂರಕ್ಕೆ 4 ಪಾಲು. ಹಿಗ್ಗಿದ ನೀರು ಅದೇ ಫೀಡ್ ಪೈಪಿನಲ್ಲಿ ಹಿಂದಕ್ಕೆ ಹತ್ತಿ ತೊಟ್ಟಿ ಸೇರುತ್ತದೆ, ಆರಿದಾಗ ಮತ್ತೆ ಇಳಿಯುತ್ತದೆ. 'ಊಡು' ಅಂದರೆ ಒಂದೇ ದಿಕ್ಕು. ಅದಕ್ಕೇ ಕೆಲಸ ಬಿಟ್ಟು ಜಾಗ ನೋಡಿ 'ತೊಟ್ಟಿಕೊಳವೆ' ಅಂದರೆ ಹೇಗೆ?

ಇನ್ನೊಂದು ತೊಡಕು ಕ್ರಿಯಾಪದದ್ದು. ಪಂಪು ಮತ್ತು ಈ ಪೈಪುಗಳ ಕೂಡುಜಾಗ ಹಿಂದುಮುಂದಾದರೆ ನೀರು ವೆಂಟಿನಿಂದ ಹೊರಟು ತೊಟ್ಟಿಗೆ ಬೀಳುತ್ತಿರುತ್ತದೆ. ಇದನ್ನು ಪಂಪಿಂಗ್ ಓವರ್ ಅನ್ನುತ್ತಾರೆ. ಹೀಗಾದಾಗ ನೀರಿಗೆ ಆಮ್ಲಜನಕ ಸೇರಿ ರೇಡಿಯೇಟರಿನ ಕಬ್ಬಿಣ ತುಕ್ಕು ಹಿಡಿದು ಕಪ್ಪು ಕೆಸರು ಕಟ್ಟುತ್ತದೆ. ಆ ಕೆಸರು ಫೀಡ್ ಸೇರುವ ಜಾಗವನ್ನೇ ಮುಚ್ಚಿಬಿಡುವುದು ಸಾಮಾನ್ಯ. 'ಉಕ್ಕು' ಅಂದರೆ ಕುದಿದು ಉಕ್ಕಿತು ಅಂತಾಗುತ್ತದೆ, ಇಲ್ಲಿ ಕುದಿತ ಇಲ್ಲ. ಸದ್ಯ 'ಮೇಲಿಂದ ಸುರಿಯುವುದು' ಅಂತ ಬರೆದಿದ್ದೇನೆ.

ಕೊನೆಗೆ ನನ್ನಿಂದ ಬಿಡಿಸಲಾಗದ್ದು: ಕೆಲವು ಮನೆಗಳಲ್ಲಿ 22 ಮಿ.ಮೀ.ನ ಒಂದೇ ಪೈಪು ತೊಟ್ಟಿಯ ತಳಕ್ಕೆ ಸೇರಿ ಎರಡೂ ಕೆಲಸ ಮಾಡುತ್ತದೆ. ಅದರ ಬಾಯಿ ನೀರೊಳಗೇ ಇರುವುದರಿಂದ 'ತೆರೆಬಾಯಿ' ಅನ್ನಲಾಗದು, ಬರೀ 'ತೊಟ್ಟಿಕೊಳವೆ' ಅಂದರೆ ಸುರಕ್ಷತೆಯ ಮಾತು ಬಿಟ್ಟುಹೋಗುತ್ತದೆ. ಇದಕ್ಕೆ ಏನನ್ನಬಹುದು? ಪೈಪಿನ ಕೆಲಸ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.